ಜೆಟ್ ಮಾಡೆಲ್ ಬಾಲದ ಮೇಲೆ ಯಾಕೆ ಕೂರುತ್ತದೆ? ಮೂಗಿಗೆ ಎಷ್ಟು ತೂಕ ಹಾಕಬೇಕು?

ಓದುಗರ ಪ್ರಶ್ನೆ: 'ವ್ಯಾಂಪೈರ್ ಜೆಟ್‌ನ ಚಿಕ್ಕ ಪ್ಲಾಸ್ಟಿಕ್ ಕಿಟ್ ತಂದಿದ್ದೇನೆ, 72ರಲ್ಲಿ ಒಂದರ ಅಳತೆಯದ್ದು. ಮೂಗಿನೊಳಗೆ ತೂಕ ಹಾಕದಿದ್ದರೆ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂತುಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾದ ವಿಮಾನ ಹಾಗೆ ಕೂರಲ್ಲ, ಮಾಡೆಲ್ ಯಾಕೆ ಕೂರುತ್ತದೆ? ಎಷ್ಟು ತೂಕ, ಎಲ್ಲಿ ಹಾಕಬೇಕು?'

ಮೊದಲ ಜೆಟ್‌ಗಳ ಮಾಡೆಲ್ ಕಟ್ಟಲು ಕೂತ ಎಲ್ಲರಿಗೂ ಈ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕದಾಗಿ ಹೇಳುವುದಾದರೆ, ನಿಜವಾದ ವಿಮಾನದಲ್ಲಿ ಭಾರ ಇರುವುದು ಯಂತ್ರ ಎಲ್ಲಿದೆಯೋ ಅಲ್ಲಿ. ಮಾಡೆಲ್‌ನಲ್ಲಿ ಭಾರ ಇರುವುದು ಪ್ಲಾಸ್ಟಿಕ್ ಎಲ್ಲಿದೆಯೋ ಅಲ್ಲಿ. ಎರಡೂ ಒಂದೇ ಜಾಗ ಅಲ್ಲ.

ವ್ಯಾಂಪೈರ್‌ನ ಆಕಾರ ನೋಡಿ. ಮುಂದೆ ಮೊಟ್ಟೆಯಂಥ ಗಿಡ್ಡ ಪಾಡ್. ಅದರೊಳಗೆ ಪೈಲಟ್, ಹಿಂದೆ ಎಂಜಿನ್. ರೆಕ್ಕೆಯಿಂದ ಹಿಂದಕ್ಕೆ ತೋಳಿನ ಹಾಗೆ ಚಾಚಿದ ಎರಡು ಉದ್ದನೆಯ ಬೂಮ್, ಅವುಗಳ ತುದಿಗೆ ಬಾಲ. ಈ ಎರಡು ಬೂಮ್‌ಗೆ ಒಂದು ಕಾರಣ ಇದೆ. ಆಗಿನ ಜೆಟ್ ಎಂಜಿನ್‌ಗಳ ಬಲ ಕಮ್ಮಿ. ಹೊಗೆ ಹೋಗುವ ಕೊಳವೆ ಉದ್ದವಾದಷ್ಟೂ ಇದ್ದ ಬಲವೂ ಸೋರಿ ಹೋಗುತ್ತಿತ್ತು. ಹಾಗಾಗಿ ಡಿ ಹ್ಯಾವಿಲ್ಯಾಂಡ್ ಕಂಪನಿ ಪಾಡನ್ನು ಗಿಡ್ಡ ಮಾಡಿ, ಬಾಲವನ್ನು ಬೂಮ್‌ಗಳ ಮೇಲೆ ಹೊರಿಸಿತು. ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ 1943ರ ಸೆಪ್ಟೆಂಬರ್ 20ರಂದು ಅದು ಮೊದಲ ಸಲ ಹಾರಿತು.

ನಿಜವಾದ ವ್ಯಾಂಪೈರ್ ಫೈಟರ್‌ನಲ್ಲಿ ಕಾಕ್‌ಪಿಟ್ ನೆಲದ ಕೆಳಗೇ ನಾಲ್ಕು 20 ಮಿ.ಮೀ. ಹಿಸ್ಪಾನೊ ಫಿರಂಗಿಗಳಿದ್ದವು. ಒಂದೊಂದೂ 40 ಕಿಲೋ ಮೀರಿದ್ದು. ಅದರ ಮೇಲೆ ಪೈಲಟ್, ಸೀಟು, ರೇಡಿಯೊ. ಸುಮಾರು 700 ಕಿಲೋದ ಗಾಬ್ಲಿನ್ ಎಂಜಿನ್ ಹಿಂದಿದ್ದರೂ ಚಕ್ರಗಳಿಂದ ತೀರಾ ದೂರ ಇರಲಿಲ್ಲ. ಬೂಮ್‌ಗಳೋ ಬರೀ ತಗಡಿನ ಕೊಳವೆ. ಒಟ್ಟಾರೆ ಭಾರ ಮುಖ್ಯ ಚಕ್ರಗಳ ಮುಂದೆಯೇ ಬೀಳುತ್ತಿತ್ತು.

ಈಗ ಕಿಟ್ ನೋಡಿ. ಫಿರಂಗಿ ಇಲ್ಲ, ಎಂಜಿನ್ ಇಲ್ಲ, ಪಾಡ್ ಖಾಲಿ ಚಿಪ್ಪು. ಬೂಮ್, ಬಾಲ ಮಾತ್ರ ಪೂರ್ತಿ ಪ್ಲಾಸ್ಟಿಕ್, ಕೆಲವು ಕಿಟ್‌ಗಳಲ್ಲಿ ಒಳಗೆ ಟೊಳ್ಳೇ ಇಲ್ಲದ ಗಟ್ಟಿ ಪ್ಲಾಸ್ಟಿಕ್. ಅದೂ ಚಕ್ರದಿಂದ ಎಷ್ಟೋ ಹಿಂದೆ. ಮೂಗು ಮೇಲೇಳದೆ ಇನ್ನೇನು ಮಾಡುತ್ತದೆ?

ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್, ಹರಿಕೇನ್ ಥರದ ಪ್ರೊಪೆಲ್ಲರ್ ವಿಮಾನಗಳ ಮಾಡೆಲ್ ಕಟ್ಟಿದವರಿಗೆ ಈ ತಲೆನೋವು ಇರಲ್ಲ ಅಲ್ವಾ? ಅವು ಇರುವುದೇ ಬಾಲದ ಚಕ್ರದ ಮೇಲೆ ಕೂರುವುದಕ್ಕೆ. ಜೆಟ್‌ಗಳು ಮೂಗಿನ ಚಕ್ರಕ್ಕೆ ಯಾಕೆ ಬದಲಾದವು ಅನ್ನುವುದಕ್ಕೆ ಒಂದು ಒಳ್ಳೆ ಕಥೆ ಇದೆ. ಜರ್ಮನಿಯ ಮೆಸ್ಸರ್‌ಶ್ಮಿಟ್ 262ರ ಮೊದಲ ಮಾದರಿಗಳಿಗೆ ಬಾಲದ ಚಕ್ರವೇ ಇತ್ತು. 1942ರ ಜುಲೈ 18ರಂದು ಲೈಪ್‌ಹೈಮ್‌ನಲ್ಲಿ ಫ್ರಿಟ್ಜ್ ವೆಂಡೆಲ್ ಅದನ್ನು ಬರೀ ಜೆಟ್ ಎಂಜಿನ್‌ಗಳ ಬಲದಿಂದ ಮೊದಲ ಸಲ ಹಾರಿಸಿದರು. ಪ್ರೊಪೆಲ್ಲರ್ ಇಲ್ಲದ್ದರಿಂದ ಬಾಲದ ಮೇಲೆ ಗಾಳಿಯ ರಭಸ ಇಲ್ಲ. ಬಾಲ ನೆಲಕ್ಕೆ ಬಗ್ಗಿದ್ದರಿಂದ ಎಲಿವೇಟರ್, ಅಂದರೆ ವಿಮಾನದ ಮೂಗನ್ನು ಏರಿಳಿಸುವ ಬಾಲದ ಪಟ್ಟಿ, ರೆಕ್ಕೆಯ ಮರೆಗೆ ಬಿದ್ದು ಕೆಲಸವೇ ಮಾಡಲಿಲ್ಲ. ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿ ಓಡುವಾಗ ಬ್ರೇಕನ್ನು ಚೂರು ತಟ್ಟಿ, ಮೂಗು ಮುಂದಕ್ಕೆ ಬಾಗುವಂತೆ ಮಾಡಿ, ಬಾಲ ಎತ್ತಿಸಿದರು. ರನ್‌ವೇ ಮೇಲೆ, ಟೇಕಾಫ್ ಮಧ್ಯೆ, ಬ್ರೇಕು! ಆಮೇಲೆ 262ಕ್ಕೆ ಮೂಗಿನ ಚಕ್ರ ಬಂತು. ಬ್ರಿಟನ್ನಿನ ಸೂಪರ್‌ಮರೀನ್ ಅಟ್ಯಾಕರ್, ರಷ್ಯಾದ ಯಾಕ್-15 ಥರದ ಕೆಲವು ಜೆಟ್‌ಗಳು ಮಾತ್ರ ಬಾಲದ ಚಕ್ರವನ್ನೇ ಉಳಿಸಿಕೊಂಡವು. ಮೂಗಿಗೆ ತೂಕ ತುಂಬುವುದೇ ಬೇಜಾರು ಅನ್ನುವವರು ಅವೆರಡರಲ್ಲಿ ಒಂದನ್ನು ಕಟ್ಟಬಹುದು.

ಸರಿ, ಎಷ್ಟು ತೂಕ? ಅಲ್ಲಿ ಇಲ್ಲಿ ಕೇಳಿದರೆ 5 ಗ್ರಾಂ, 10 ಗ್ರಾಂ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಪ್ರಕಾರ ಆ ಅಂಕಿಯಿಂದ ಜಾಸ್ತಿ ಉಪಯೋಗ ಇಲ್ಲ. ತೂಕ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಮಾಡೆಲ್ 30 ಗ್ರಾಂ ಇದೆ, ಅದರ ಭಾರದ ಕೇಂದ್ರ ಮುಖ್ಯ ಚಕ್ರಕ್ಕಿಂತ 5 ಮಿ.ಮೀ. ಹಿಂದಿದೆ. ಚಕ್ರದಿಂದ 50 ಮಿ.ಮೀ. ಮುಂದೆ, ಮೂಗಿನ ತುದಿಯಲ್ಲಿ ತೂಕ ಇಟ್ಟರೆ 3 ಗ್ರಾಂಗೆ ತಕ್ಕಡಿ ಸಮ. 25 ಮಿ.ಮೀ. ಮುಂದೆ ಇಟ್ಟರೆ 6 ಗ್ರಾಂ ಬೇಕು. ಬರೀ 10 ಮಿ.ಮೀ. ಮುಂದೆ, ಸೀಟಿನ ಹಿಂದೆ ಇಟ್ಟರೆ 15 ಗ್ರಾಂ. ಅಷ್ಟು ಭಾರವನ್ನು ಕಡ್ಡಿಯಂಥ ಕಾಲುಗಳು ಹೊರಬೇಕು. ಹಾಗಾಗಿ ಮೂಗಿನ ತುದಿಯ ಒಂದು ಚೂರು ಜಾಗವನ್ನೂ ಬಿಡಬೇಡಿ. ಅಲ್ಲಿ ತುಂಬಿದ ಮೇಲಷ್ಟೇ ಇನ್ನೊಂದು ಜಾಗ ಹುಡುಕಿ.

ಗ್ರಾಂ ಲೆಕ್ಕವೇ ಬೇಡದ ಪರೀಕ್ಷೆ ಒಂದಿದೆ. ಅಂಟು ಹಾಕುವ ಮೊದಲು ಪಾಡ್, ರೆಕ್ಕೆ, ಬೂಮ್, ಬಾಲ ಎಲ್ಲವನ್ನೂ ಮಾಸ್ಕಿಂಗ್ ಟೇಪ್‌ನಲ್ಲಿ ಜೋಡಿಸಿ. ಕಾಕ್‌ಪಿಟ್ ಸಾಮಾನು, ಗಾಜಿನ ಮುಚ್ಚಳ ಕೂಡ ಇರಲಿ. ಮುಖ್ಯ ಚಕ್ರ ನೆಲ ಮುಟ್ಟುವ ಗೆರೆಯಲ್ಲಿ, ರೆಕ್ಕೆಯ ಕೆಳಗೆ, ಒಂದು ಪೆನ್ಸಿಲ್ ಅಡ್ಡ ಇಡಿ. ಇಲ್ಲಿ ಒಂದು ಎಚ್ಚರ: ಕಾಲು ಸಿಕ್ಕಿಸುವ ತೂತು ಮತ್ತು ಚಕ್ರದ ನಡುಭಾಗ ಒಂದೇ ಗೆರೆಯಲ್ಲಿ ಇರಬೇಕೆಂದೇನಿಲ್ಲ. ಕೈಪಿಡಿಯ ಪಕ್ಕನೋಟದ ಚಿತ್ರ ನೋಡಿ ಅಳೆಯಿರಿ. ಈಗ ಒಂದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ತೂಕದ ಗುಂಡುಗಳನ್ನು ಹಾಕಿ, ಒಳಗೆ ಎಲ್ಲಿ ಇಡಬೇಕೆಂದಿದ್ದೀರೋ ಅದೇ ಜಾಗದ ಹೊರಗೆ ಅಂಟಿಸಿ. ಮೂಗು ಕೆಳಗೆ ಬರುವವರೆಗೆ ಒಂದೊಂದೇ ಗುಂಡು ಸೇರಿಸಿ. ಬಂತಾ? ಆಮೇಲೆ ಅದರ ಅರ್ಧದಷ್ಟು ಇನ್ನೂ ಸೇರಿಸಿ.

ಆ ಹೆಚ್ಚುವರಿ ಅರ್ಧ ಯಾಕೆ ಅಂದರೆ, ಭಾರದ ಕೇಂದ್ರ ಚಕ್ರಕ್ಕಿಂತ ಮೇಲೆ, ಎತ್ತರದಲ್ಲಿ ಇರುತ್ತದೆ. ಮೂಗು ಚೂರು ಎದ್ದರೂ ಆ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಮಟ್ಟವಾದ ಮೇಜಿನ ಮೇಲೆ ಸರಿಯಾಗಿ ನಿಂತ ಮಾಡೆಲ್, ಶೋಕೇಸಿನ ಸ್ವಲ್ಪ ಓರೆ ಹಲಗೆ ಮೇಲೆ ಬಾಲಕ್ಕೆ ಕೂತುಬಿಡಬಹುದು. ಕಾಲುಗಳನ್ನು ಒಂಚೂರು ಮುಂದಕ್ಕೆ ವಾಲಿಸಿ ಅಂಟಿಸಿದರೂ ಅದೇ ಕಥೆ.

ಏನು ತುಂಬಬೇಕು? ಸೀಸ ಚೆನ್ನ. ಒಂದು ಘನ ಸೆಂಟಿಮೀಟರಿಗೆ 11 ಗ್ರಾಂ ಮೀರುತ್ತದೆ. ಉಕ್ಕು 8ರ ಹತ್ತಿರ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು, ಸೈಕಲ್ ಅಂಗಡಿಯ ಬೇರಿಂಗ್ ಗುಂಡು, ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕದ ಪಟ್ಟಿ, ಯಾವುದಾದರೂ ಆಗುತ್ತದೆ. ಟಂಗ್‌ಸ್ಟನ್ ಸೀಸಕ್ಕಿಂತಲೂ ಭಾರ, ಆದರೆ ಬೆಲೆ ಜಾಸ್ತಿ. ತೀರಾ ಇಕ್ಕಟ್ಟಾದ ಮೂಗಿಗೆ ಮಾತ್ರ ಅದು ಬೇಕು. ಚಿಲ್ಲರೆ ಕಾಸು ಕತ್ತರಿಸಿ ತುಂಬುವ ಯೋಚನೆ ಬೇಡ. 2011ರ ನಾಣ್ಯ ಕಾಯ್ದೆಯಲ್ಲಿ ಅದು ಅಪರಾಧ.

ಸೀಸದ ಬಗ್ಗೆ ಎರಡು ಮಾತು. ಅದು ವಿಷ. ಉಜ್ಜಿ ಪುಡಿ ಮಾಡಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಇನ್ನೊಂದು ಎಷ್ಟೋ ಜನರಿಗೆ ಗೊತ್ತಿರಲ್ಲ. ಮರಕ್ಕೆ ಹಾಕುವ ಬಿಳಿ ಗೋಂದಿನಲ್ಲಿ ಸೀಸವನ್ನು ಕೂರಿಸಬಾರದು. ಗೋಂದಿನಿಂದ ಬರುವ ಆಮ್ಲಕ್ಕೆ ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಉಬ್ಬುತ್ತದೆ. ಕೆಲವು ವರ್ಷದ ಮೇಲೆ, ಬಣ್ಣ ಹಚ್ಚಿ ಮುಗಿಸಿದ ಮಾಡೆಲ್‌ನ ಮೂಗು ಬೆಸುಗೆಯಲ್ಲೇ ಬಿರಿಯುತ್ತದೆ. ಎಂ-ಸೀಲ್ ಥರದ ಎರಡು ಉಂಡೆ ಕಲಸುವ ಎಪಾಕ್ಸಿಯಲ್ಲಿ ಒತ್ತಿ ಕೂರಿಸಿ. ಒಳಗೆ ಒಂದು ಗುಂಡು ಸಡಿಲವಾದರೂ ಆಯುಷ್ಯವಿಡೀ ಗಿಲಕಿ ಸದ್ದು ಕೇಳಬೇಕಾಗುತ್ತದೆ.

ವ್ಯಾಂಪೈರ್‌ನಲ್ಲಿ ಜಾಗವೇ ಕಮ್ಮಿ. 72ರಲ್ಲಿ ಒಂದರ ಅಳತೆಗೆ ರೆಕ್ಕೆಯ ಅಗಲ 16 ಸೆಂ.ಮೀ., ಉದ್ದ 13 ಸೆಂ.ಮೀ. ಆ ಉದ್ದದಲ್ಲೂ ದೊಡ್ಡ ಪಾಲು ಬೂಮ್‌ಗೇ ಹೋಯಿತು. ಮೊದಲು ಡ್ಯಾಶ್‌ಬೋರ್ಡಿನ ಮುಂದಿನ ಮೂಗು ತುಂಬಿ. ಮೂಗಿನ ಚಕ್ರದ ಗೂಡು ಅಲ್ಲೇ ಇರುವುದರಿಂದ, ಗೂಡನ್ನು ಕೂರಿಸಿ ನೋಡಿ, ಅದರ ಸುತ್ತ ಮತ್ತು ಮೇಲೆ ಉಳಿದ ಸಂದಿಯಲ್ಲಿ ಒತ್ತಿ. ಆಮೇಲೆ ಕಾಕ್‌ಪಿಟ್ ನೆಲದ ಕೆಳಗೆ, ನಿಜವಾದ ವಿಮಾನದಲ್ಲಿ ಫಿರಂಗಿಗಳು ಇದ್ದ ಕಡೆ. ಮೂಗಿನ ತೂಕಕ್ಕೆ ಅದಕ್ಕಿಂತ ನ್ಯಾಯವಾದ ಜಾಗ ಇನ್ನೊಂದಿಲ್ಲ. ಮೆಸ್ಸರ್‌ಶ್ಮಿಟ್ 262 ಕಟ್ಟುವವರು ಈ ವಿಷಯದಲ್ಲಿ ಅದೃಷ್ಟವಂತರು. ಅದರ ಉದ್ದ ಮೂಗಿನಲ್ಲಿ ಜಾಗ ಜಾಸ್ತಿ.

ಅಂದಹಾಗೆ, ವ್ಯಾಂಪೈರ್ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಭಾರತೀಯ ವಾಯುಪಡೆಯ ಮೊದಲ ಜೆಟ್ ಇದೇ, 1948ರಲ್ಲಿ ಬಂತು. ಆಮೇಲೆ ಪರವಾನಗಿ ಪಡೆದು ನಮ್ಮ ಬೆಂಗಳೂರಿನಲ್ಲೇ ಎಚ್‌ಎಎಲ್ ಇದನ್ನು ತಯಾರಿಸಿತು. ಆಗ ಆ ಕಂಪನಿಯ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್. ಕಿಟ್‌ನಲ್ಲಿ ಬ್ರಿಟಿಷ್ ಗುರುತುಗಳು ಮಾತ್ರ ಇದ್ದರೂ, ಭಾರತೀಯ ವಾಯುಪಡೆಯ ದುಂಡು ಗುರುತಿನ ಡೆಕಾಲ್ (ಅಂಟಿಸುವ ಚಿತ್ರ) ಬೇರೆ ಹುಡುಕಿ ಹಾಕಿದರೆ ನೋಡಲು ಚೆಂದ.

ಪಾಡ್ ಆಗಲೇ ಮುಚ್ಚಿ ಅಂಟಿಸಿಬಿಟ್ಟಿದ್ದರೆ? ಮೂಗಿನ ಚಕ್ರದ ಗೂಡಿನ ಚಾವಣಿಗೆ ಸಣ್ಣ ತೂತು ಕೊರೆದು, ಸಣ್ಣ ಉಕ್ಕಿನ ಗುಂಡುಗಳನ್ನು ಸುರಿಯಿರಿ. ಮೂಗನ್ನು ಕೆಳಗೆ ಮಾಡಿ ಹಿಡಿದು, ತೆಳುವಾದ ಎಪಾಕ್ಸಿ ಹನಿಸಿ, ಒಣಗುವ ತನಕ ಹಾಗೇ ನಿಲ್ಲಿಸಿ. ಗೂಡಿನೊಳಗೆ ಇಣುಕಿ ನೋಡುವವರು ಯಾರು? ಅದೂ ಆಗದಿದ್ದರೆ ಬಾಲದ ಕೆಳಗೆ ಒಂದು ಪಾರದರ್ಶಕ ಕಡ್ಡಿ ಊರಿ. ಇದನ್ನು ಮೋಸ ಅನ್ನುವವರಿದ್ದಾರೆ. ನಾನು ಹಾಗನ್ನಲ್ಲ. ಮೈಸೂರು, ಹುಬ್ಬಳ್ಳಿ ಕಡೆಯಿಂದ ಪ್ರೊಪೆಲ್ಲರ್ ಇರುವ ಚಿಕ್ಕ ಎಟಿಆರ್ ವಿಮಾನ ಹತ್ತಿದವರು ಗಮನಿಸಿರಬಹುದು. ಜನ ಹಿಂದಿನ ಬಾಗಿಲಿನಿಂದ ಹತ್ತಿ ಇಳಿಯುವಾಗ, ಬಾಲ ಕುಸಿಯದಿರಲಿ ಅಂತ ನಿಜವಾದ ವಿಮಾನಕ್ಕೇ ಒಂದು ಊರುಗೋಲು ಕೊಟ್ಟಿರುತ್ತಾರೆ.

ಚಕ್ರ ಮಡಚಿ, ಸ್ಟ್ಯಾಂಡ್ ಮೇಲೆ ಹಾರುವಂತೆ ನಿಲ್ಲಿಸುವುದಾದರೆ ಇದ್ಯಾವುದೂ ಬೇಕಿಲ್ಲ. ವ್ಯಾಂಪೈರ್‌ಗೆ ಅದು ಒಪ್ಪುತ್ತದೆ ಕೂಡ. ಆದರೆ ಅದನ್ನು ಈಗಲೇ ತೀರ್ಮಾನಿಸಿ. ಚಕ್ರದ ಬಾಗಿಲುಗಳು ಮುಚ್ಚಿದ ಹಾಗೆ ಕೂರಬೇಕಾದರೆ ಅಂಚುಗಳನ್ನು ಉಜ್ಜಬೇಕಾಗುತ್ತದೆ, ಬಣ್ಣ ಹಚ್ಚಿದ ಮೇಲೆ ಆ ಕೆಲಸ ಕಷ್ಟ.