ಸತ್ತ ದನಕ್ಕೂ ಒಂದು ತಿದ್ದುಪಡಿ

ಸಂವಿಧಾನ ಅಂದರೆ ನಮಗೆ ನೆನಪಾಗುವುದು ಒಂದೇ, 1950ರದ್ದು. ಅಮೆರಿಕದಲ್ಲಿ ಹಾಗಲ್ಲ. ದೇಶಕ್ಕೊಂದು ಇದೆ, ಜೊತೆಗೆ 50 ರಾಜ್ಯಗಳಿಗೂ ಒಂದೊಂದು ಇದೆ. ಕಾನೂನು ವಿದ್ಯಾರ್ಥಿಗಳಿಗೆ ಈ ವಿಷಯ ಹೇಳುವಾಗ ನಾನು ಮೊದಲು ತೆಗೆಯುವುದು ಅಲಬಾಮಾದ್ದು. ಲೈಮ್‌ಸ್ಟೋನ್ ಎಂಬ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ, ಸತ್ತ ಜಾನುವಾರುಗಳ ವಿಲೇವಾರಿಗೂ ಅದಕ್ಕೊಂದು ತಿದ್ದುಪಡಿ ಬಂದಿತ್ತು. ಹುಡುಗರು ನಗುತ್ತಾರೆ. ನಕ್ಕು ಮುಗಿದ ಮೇಲೆ 1901ರ ಕಥೆ ಶುರು ಮಾಡುತ್ತೇನೆ.

ಆ ವರ್ಷದ್ದು ಅಲಬಾಮಾದ ಆರನೇ ಸಂವಿಧಾನ. ಮೊದಲನೆಯದು 1819ರದ್ದು. ಅಂತರ್ಯುದ್ಧದ ಗಲಾಟೆಯಲ್ಲಿ 1861ರಿಂದ 1875ರ ಒಳಗೇ ನಾಲ್ಕು ಬಂದವು. 1901ರ ಸಂವಿಧಾನ ರಚನಾ ಸಭೆಯ ಅಧ್ಯಕ್ಷ ಜಾನ್ ನಾಕ್ಸ್ ಉದ್ದೇಶವನ್ನು ಮುಚ್ಚಿಡಲಿಲ್ಲ. ದೇಶದ ಸಂವಿಧಾನ ಮೀರದೆಯೇ ಬಿಳಿಯರ ಮೇಲುಗೈಯನ್ನು ಗಟ್ಟಿ ಮಾಡಬೇಕು ಎಂದರು. ಹಾಗಾಗಿ ಕಪ್ಪು ಜನರಿಗೆ ಮತವಿಲ್ಲ ಎಂದು ಎಲ್ಲೂ ಬರೆಯಲಿಲ್ಲ. ಓದು ಬರಹ ಬರಬೇಕು, ಇಲ್ಲವೇ ಆಸ್ತಿ ಇರಬೇಕು, ತಲೆ ತೆರಿಗೆಯನ್ನಂತೂ ಕಟ್ಟಿರಲೇಬೇಕು ಎಂದರು, ಅಷ್ಟೇ. 1903ರ ಹೊತ್ತಿಗೆ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನ 3,000ಕ್ಕೂ ಕಡಿಮೆ. ಬಡ ಬಿಳಿಯರ ಹೆಸರೂ ಸಾಕಷ್ಟು ಹೋಯಿತು.

ಸ್ಥಳೀಯ ಆಡಳಿತಕ್ಕೂ ಮೂಗುದಾರ ಬಿತ್ತು. ಹಗ್ಗ ರಾಜಧಾನಿ ಮಾಂಟ್‌ಗೊಮರಿಯ ಕೈಯಲ್ಲಿ. ಕೌಂಟಿಯೊಂದರಲ್ಲಿ ಬಿಂಗೊ ಆಟಕ್ಕೆ ಅವಕಾಶ ಕೊಡುವುದಕ್ಕೂ ಸಂವಿಧಾನವನ್ನೇ ತಿದ್ದಬೇಕು. ಎರಡೂ ಸದನಗಳಲ್ಲಿ ಐದರಲ್ಲಿ ಮೂರು ಪಾಲು ಒಪ್ಪಿಗೆ, ಆಮೇಲೆ ಜನರ ಮತ. ತಿದ್ದುಪಡಿಗಳು 950 ದಾಟಿದ್ದು ಹೀಗೆ. ಇಷ್ಟು ತಿದ್ದಿದ್ದಾರೆ ಅಂದರೆ ತಿದ್ದುವುದು ಸುಲಭ ಅಂದುಕೊಳ್ಳಬೇಡಿ. ತಾಲೂಕು ಕಚೇರಿಯಲ್ಲಿ ಮುಗಿಯಬೇಕಾದ ಕೆಲಸವನ್ನು ವಿಧಾನಸೌಧಕ್ಕೆ ಹೊತ್ತರೆ ಫೈಲು ದಪ್ಪ ಆಗುತ್ತದೆ, ಅಲ್ವಾ?

ಕೋರ್ಟಿನಲ್ಲಿ ಸತ್ತ ಮಾತು ಕಾಗದದಲ್ಲಿ ಉಳಿಯುವುದೂ ಉಂಟು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ಮದುವೆಗೆ ಇದ್ದ ನಿಷೇಧವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ಹೊಡೆದುಹಾಕಿತು. ಅಲಬಾಮಾದ ಪುಟದಿಂದ ಆ ಸಾಲು ಹೋಗಿದ್ದು 2000ದಲ್ಲಿ. ಆಗಲೂ ಸುಮಾರು 40% ಮತದಾರರು ಬೇಡ ಅಂದರು!

ಬಿಳಿ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಪ್ರತ್ಯೇಕ ಶಾಲೆ ಎನ್ನುವ ಸಾಲು ಇನ್ನೂ ಹಟಮಾರಿ. ಅದನ್ನು ತೆಗೆಯುವ ಪ್ರಸ್ತಾಪ 2004ರಲ್ಲಿ 2,000ಕ್ಕೂ ಕಡಿಮೆ ಮತಗಳಿಂದ ಸೋತಿತು. 2012ರಲ್ಲಿ ಮತ್ತೆ ಸೋತಿತು, ಆದರೆ ಈ ಸಲ ಕಪ್ಪು ಶಾಸಕರೇ ವಿರೋಧಿಸಿದ್ದರು. ಸುಮ್ನೆ ಅಲ್ಲ. ಶಿಕ್ಷಣ ಹಕ್ಕೇ ಅಲ್ಲ ಎನ್ನುವ 1956ರ ಇನ್ನೊಂದು ಸಾಲು ಹಾಗೆಯೇ ಉಳಿಯುತ್ತಿತ್ತು. ಕರಡನ್ನು ಪೂರ್ತಿ ಓದಿದವರ ವಿರೋಧ ಅದು. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗುವ ಭಾಗವೂ ಅದೇ.

ಕೊನೆಗೆ 2022ರ ನವೆಂಬರಿನಲ್ಲಿ ಜನ ಶುದ್ಧ ಪ್ರತಿಗೆ ಒಪ್ಪಿದರು. ಜನಾಂಗಭೇದದ ಸಾಲುಗಳು ಹೋದವು. ಸ್ಥಳೀಯ ತಿದ್ದುಪಡಿಗಳನ್ನು ಕೌಂಟಿವಾರು ಜೋಡಿಸಿದರು, ಹುಡುಕುವವರಿಗೆ ಅನುಕೂಲ. ಹಗ್ಗ ಮಾತ್ರ ಇನ್ನೂ ಮಾಂಟ್‌ಗೊಮರಿಯಲ್ಲೇ ಇದೆ.