ಪ್ರತಿ ರೂಪಾಯಿಗೂ ಎರಡು ವಿಳಾಸ

ವ್ಯಾಪಾರ ಸೊರಗಿತೆಂದು ಗಲ್ಲಾಪೆಟ್ಟಿಗೆಯ ದಿಕ್ಕು ಬದಲಿಸುವವರು ಮಂಗಳೂರು, ಉಡುಪಿಯ ಪೇಟೆಗಳಲ್ಲಿ ಇಂದಿಗೂ ಇದ್ದಾರೆ. ದೀಪ ಹಚ್ಚಿದ ಮೇಲೆ ದುಡ್ಡು ಕೊಡಬಾರದು, ಪದೇ ಪದೇ ಎಣಿಸಿದರೆ ಲಕ್ಷ್ಮಿ ನಿಲ್ಲುವುದಿಲ್ಲ ಎಂಬ ಮಾತುಗಳೂ ಮನೆಗಳಲ್ಲಿ ಕೇಳಿಬರುತ್ತವೆ. ನನಗೆ ಇದರಿಂದ ಕಳವಳವಾಗುತ್ತದೆ. ಬೆವರು ಸುರಿಸಿ ಗಳಿಸಿದ ಹಣ ಎಲ್ಲಿ ಸೋರಿತೆಂದು ತಿಳಿಯದ ಜನ ವಾಸ್ತು ಹೇಳುವವರ ಮುಂದೆ ಹೋಗಿ ಕೂರುತ್ತಾರೆ. ಸೋರುವ ಜಾಗವನ್ನು ಬೆರಳಿಟ್ಟು ತೋರಿಸುವ ವಿಧಾನ, ಜೋಡಿ ನಮೂದಿನ ಲೆಕ್ಕ, ಐನೂರು ವರ್ಷಗಳ ಹಿಂದೆಯೇ ಅಚ್ಚಾಗಿದೆ. ಗ್ನೂಕ್ಯಾಶ್‌ನಂಥ ಲೆಕ್ಕ ಬರೆಯುವ ತಂತ್ರಾಂಶದ ರೂಪದಲ್ಲಿ ಅದು ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ ಕೂಡ.

ತಂತ್ರಾಂಶ ಎಂದೊಡನೆ ಹಲವರು ತೋರಿಸುವುದು ಫೋನಿಗೆ ಬಂದ ಮೆಸೇಜು ಓದಿ ಖರ್ಚಿನ ಪಟ್ಟಿ ಮಾಡುವ ಆ್ಯಪ್‌ಗಳನ್ನು. ಖಾತೆಯಿಂದ ಹಣ ಹೋದದ್ದು ಅವಕ್ಕೆ ಗೊತ್ತಾಗುತ್ತದೆ, ಹೋದದ್ದೆಲ್ಲಿಗೆ ಎಂಬುದನ್ನು ಊಹಿಸುತ್ತವೆ. ಕ್ರೆಡಿಟ್ ಕಾರ್ಡಿನಲ್ಲಿ ನಾಲ್ಕು ಸಾವಿರದ ಮಿಕ್ಸಿ ಕೊಂಡಿರಿ, ಮುಂದಿನ ತಿಂಗಳು ಕಾರ್ಡಿನ ಬಿಲ್ಲು ಕಟ್ಟಿದಿರಿ ಎನ್ನಿ. ಎರಡೂ ಮೆಸೇಜು ಓದಿದ ಆ್ಯಪ್ ಎಂಟು ಸಾವಿರ ಖರ್ಚು ಎಂದು ತೋರಿಸಿಬಿಡಬಹುದು. ಎಟಿಎಂನಿಂದ ತೆಗೆದ ನೋಟು ಜೇಬಿನಲ್ಲೇ ಇದ್ದರೂ ಖರ್ಚಿನ ಸಾಲಿಗೆ ಸೇರುವುದುಂಟು.

ಜೋಡಿ ನಮೂದು ಪದ್ಧತಿಯಲ್ಲಿ ಈ ತಪ್ಪಿಗೆ ಎಡೆಯೇ ಇಲ್ಲ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು: ಹಣ ಎಲ್ಲಿಂದ ಹೊರಟಿತು, ಎಲ್ಲಿಗೆ ತಲುಪಿತು. ಬಾವಿಯಿಂದ ಎತ್ತಿದ ನೀರು ಹಂಡೆಯಲ್ಲಿರಬೇಕು, ಅಡುಗೆಮನೆಯಲ್ಲಿರಬೇಕು, ಇಲ್ಲವೇ ತೆಂಗಿನ ಬುಡದಲ್ಲಿರಬೇಕು. ಎಲ್ಲೂ ಇಲ್ಲ ಎನ್ನುವಂತಿಲ್ಲ. ತಲುಪಿದ ಕಡೆ ಕೂಡಿ, ಹೊರಟ ಕಡೆ ಕಳೆಯಿರಿ. ಮೊತ್ತ ಸೊನ್ನೆ. ಹತ್ತು ಸಾವಿರ ನಮೂದುಗಳಾದರೂ ಇಡೀ ಪುಸ್ತಕದ ಮೊತ್ತ ಯಾವ ಗಳಿಗೆಯಲ್ಲಿ ನೋಡಿದರೂ ಸೊನ್ನೆಯೇ. ಮಿಕ್ಸಿ ಕೊಂಡಾಗ ‘ಕಾರ್ಡಿನ ಸಾಲ’ದಿಂದ ‘ಮನೆ ಸಾಮಾನಿಗೆ’ ನಾಲ್ಕು ಸಾವಿರ. ಬಿಲ್ಲು ಕಟ್ಟಿದಾಗ ‘ಬ್ಯಾಂಕಿನಿಂದ’ ‘ಕಾರ್ಡಿನ ಸಾಲಕ್ಕೆ’. ಖರ್ಚಿನ ಖಾತೆ ಎರಡನೇ ಸಲ ಅಲುಗುವುದೇ ಇಲ್ಲ. ಇಷ್ಟು ಸರಳವಾದ ನಿಯಮ ಇಷ್ಟೊಂದು ಕೆಲಸ ಮಾಡುವುದನ್ನು ಗಣಿತದಲ್ಲಿಯೂ ನಾನು ಹೆಚ್ಚು ಕಂಡಿಲ್ಲ.

ಉಡುಪಿ ಜಿಲ್ಲೆಯ ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಒಂದು ಮನೆಯನ್ನು ಎತ್ತಿಕೊಳ್ಳೋಣ. ಮನೆಯಾಕೆ ಬೆಳಿಗ್ಗೆ ಮೊಗ್ಗು ಕೊಯ್ದು, ಕಟ್ಟಿ, ಎರಡು ಅಟ್ಟೆ (ಇಲ್ಲಿ ಮಲ್ಲಿಗೆ ಮಾರುವ ಅಳತೆ) ಹೂವನ್ನು ಹೂವಿನವರಿಗೆ ಕೊಟ್ಟರು. ಅಂದಿನ ದರ ಅಟ್ಟೆಗೆ 700 ಎಂದಿಟ್ಟುಕೊಳ್ಳಿ. ದುಡ್ಡು ಕೈಗೆ ಬರುವುದು ವಾರದ ಕೊನೆಗೆ. ಹಾಗಾದರೆ ಇವತ್ತಿನ ಆದಾಯ ಎಷ್ಟು? ಕೈಗೆ ಬಂದದ್ದನ್ನಷ್ಟೇ ಬರೆಯುವವರ ಪ್ರಕಾರ ಸೊನ್ನೆ, ಶನಿವಾರ ಒಮ್ಮೆಲೇ ಸಾವಿರಾರು. ತಂತ್ರಾಂಶದಲ್ಲಿ ಇವತ್ತೇ ‘ಮಲ್ಲಿಗೆ ಆದಾಯ’ದಿಂದ ‘ಹೂವಿನವರಿಂದ ಬರಬೇಕಾದದ್ದು’ ಖಾತೆಗೆ 1,400. ಶನಿವಾರ ಅದು ಅಲ್ಲಿಂದ ಬ್ಯಾಂಕಿಗೆ ಹೋಗುತ್ತದೆ, ಆದಾಯದ ಖಾತೆಯನ್ನು ಮುಟ್ಟುವುದಿಲ್ಲ. ಹೂವಿನವರು ಒಂದು ದಿನದ ಲೆಕ್ಕ ಮರೆತಿದ್ದರೆ ‘ಬರಬೇಕಾದದ್ದು’ ಖಾತೆಯಲ್ಲಿ 1,400 ಉಳಿದೇ ಇರುತ್ತದೆ. ನೆನಪು ಮಾಡಿಕೊಳ್ಳಬೇಕಿಲ್ಲ, ಜಗಳವೂ ಬೇಕಿಲ್ಲ, ತಾರೀಕು ತೋರಿಸಿದರೆ ಸಾಕು. ಮದುವೆಯ ದಿನಗಳಲ್ಲಿ ದರ ಏರಿ ಮಳೆಗಾಲದ ಆಟಿ ತಿಂಗಳಲ್ಲಿ ಇಳಿಯುವ ಬೆಳೆ ಇದು. ವರ್ಷದ ಲೆಕ್ಕ ಮುಂದಿದ್ದರೆ ಮೇ ತಿಂಗಳ ಹಣದಲ್ಲಿ ಎಷ್ಟನ್ನು ಮಳೆಗಾಲಕ್ಕೆ ತೆಗೆದಿಡಬೇಕೆಂಬುದು ಕಣ್ಣಿಗೇ ಕಾಣುತ್ತದೆ.

ಗ್ನೂಕ್ಯಾಶ್‌ನ ಒಂದು ಗುಣ ನನಗೆ ಬಹಳ ಇಷ್ಟ. ಶನಿವಾರ ಬ್ಯಾಂಕಿಗೆ 8,400 ಬಂತೆಂದು ಬರೆದು, ಎಲ್ಲಿಂದ ಎಂಬುದಕ್ಕೆ 7,000 ಮಾತ್ರ ಹಾಕಿದಿರಿ ಎನ್ನಿ. ಅದು ತಪ್ಪನ್ನು ನುಂಗಿಕೊಳ್ಳುವುದಿಲ್ಲ, ಕೆಲಸವನ್ನು ನಿಲ್ಲಿಸುವುದೂ ಇಲ್ಲ. ಉಳಿದ 1,400ನ್ನು ‘ಇಂಬ್ಯಾಲೆನ್ಸ್-ಐಎನ್ಆರ್’ (ತಾಳೆಯಾಗದ ರೂಪಾಯಿ) ಎಂಬ ಖಾತೆಗೆ ತಾನೇ ಹಾಕಿಡುತ್ತದೆ. ಆ ಖಾತೆ ತೆರೆದರೆ ವಿಳಾಸ ಸಿಗದ ಹಣವೆಲ್ಲ ತಾರೀಕಿನ ಸಮೇತ ಸಾಲಾಗಿ ನಿಂತಿರುತ್ತದೆ. ಒಂದೊಂದಕ್ಕೂ ಸರಿಯಾದ ಖಾತೆ ಕೊಡುತ್ತ ಬಂದ ಹಾಗೆ ಅದು ಬರಿದಾಗುತ್ತದೆ.

ಈ ಜೋಡಿ ನಮೂದು ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದವನು ಲೂಕಾ ಪಾಚೊಲಿ, ಗಣಿತಜ್ಞ ಸನ್ಯಾಸಿ. ಕಂಡುಹಿಡಿದವನು ಅವನಲ್ಲ, ವೆನಿಸ್‌ನ ವರ್ತಕರು ಆಗಲೇ ಬಳಸುತ್ತಿದ್ದುದನ್ನು ಬರೆದಿಟ್ಟ. ಆ ವರ್ತಕರನ್ನು ಶ್ರೀಮಂತರನ್ನಾಗಿಸಿದ ಸರಕುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸೂ ಇತ್ತು. ಅದಕ್ಕೂ ಮುನ್ನೂರಕ್ಕಿಂತ ಹೆಚ್ಚು ವರ್ಷ ಹಿಂದೆ, 12ನೇ ಶತಮಾನದಲ್ಲಿ, ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಇಲ್ಲಿಂದ ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಯೆಮನ್‌ನ ಏಡನ್ ಬಂದರಿನಲ್ಲಿದ್ದ ಪಾಲುದಾರ ಮದ್ಮೂನ್ ಮಾರಾಟವಾದದ್ದು, ಅದರಲ್ಲಿ ಕಳೆದದ್ದು, ಉಳಿದದ್ದು ಎಂದು ಲೆಕ್ಕ ಬರೆದು ಕಳಿಸುತ್ತಿದ್ದ. ಆ ಕಾಗದಗಳು ಕೈರೋದ ಹಳೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರಲ್ಲಿ ಉಳಿದುಕೊಂಡಿದ್ದವು. 1906ರಲ್ಲಿ ಕೆನರಾ ಬ್ಯಾಂಕ್ ಹುಟ್ಟಿದ್ದು ಮಂಗಳೂರಿನಲ್ಲಿ, ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ 1928ರಲ್ಲಿ ಶುರುವಾದದ್ದು ಉಡುಪಿಯ ಬ್ಯಾಂಕಿನಲ್ಲಿ. ಇಂಥ ನೆಲದಲ್ಲಿ ಲೆಕ್ಕ ಬರೆಯುವುದು ಆಡಿಟರ ಕೆಲಸ, ನಮ್ಮದಲ್ಲ ಎಂಬ ಮಾತು ಕೇಳಿದಾಗ ಬೇಸರವಾಗುತ್ತದೆ.

ಸೊನ್ನೆ ಎಲ್ಲ ತಪ್ಪನ್ನೂ ಹಿಡಿಯದು. ಹಿಂಡಿ ಗೊಬ್ಬರಕ್ಕೆ ಕೊಟ್ಟ 630ನ್ನು 360 ಎಂದು ಒತ್ತಿದರೆ ಎರಡೂ ಕಡೆ ಅದೇ ತಪ್ಪು ಕೂರುತ್ತದೆ, ಮೊತ್ತ ಸೊನ್ನೆಯೇ. ಬ್ಯಾಂಕಿನ ಸ್ಟೇಟ್‌ಮೆಂಟಿಗೆ ತಾಳೆ ನೋಡಿದಾಗಲೇ 270 ವ್ಯತ್ಯಾಸ ಕಾಣುವುದು. ಆಗ ಅದನ್ನು ಒಂಬತ್ತರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ ಅಂಕಿಗಳು ಅದಲುಬದಲಾಗಿರುವ ಗುಮಾನಿ. ಹತ್ತು, ನೂರು, ಸಾವಿರ, ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಉಳಿಯುವ ಶೇಷ 1. ಹಾಗಾಗಿ ಅಂಕಿ ಯಾವ ಸ್ಥಾನದಲ್ಲಿ ಕೂತರೂ ಸಂಖ್ಯೆಯ ಶೇಷ ಬದಲಾಗದು, ಕಳೆದಾಗ ಶೇಷಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಬೇರೆ ತಪ್ಪಿನಿಂದಲೂ ಒಂಬತ್ತರ ಗುಣಕ ಬರಬಹುದು, ಆದರೆ ಹುಡುಕಲು ಎಲ್ಲಿಂದ ಶುರು ಮಾಡಬೇಕೆಂಬುದು ತಿಳಿಯುತ್ತದೆ.

ಮನೆ ಮತ್ತು ವ್ಯಾಪಾರಕ್ಕೆ ಬೇರೆ ಬೇರೆ ಫೈಲು ಇರಲಿ, ಇದರಲ್ಲಿ ರಾಜಿ ಬೇಡ. ಹಿಂಡಿಯ ದುಡ್ಡು ಮಲ್ಲಿಗೆಯ ಖರ್ಚು. ಮಗನ ಶಾಲಾ ಬಸ್ಸಿನ ದುಡ್ಡು ಹಾಗಲ್ಲ, ಅದು ಡ್ರಾಯಿಂಗ್ಸ್, ಅಂದರೆ ಒಡತಿ ತನ್ನ ವ್ಯಾಪಾರದಿಂದ ಹಿಂತೆಗೆದ ಹಣ. ವ್ಯಾಪಾರದ ಫೈಲಿನಲ್ಲಿ ಅದು ಬಂಡವಾಳದಿಂದ ಕಳೆಯುತ್ತದೆ, ಮನೆಯ ಫೈಲಿನಲ್ಲಿ ಆದಾಯವಾಗಿ ಬರುತ್ತದೆ. ‘ವ್ಯಾಪಾರದಲ್ಲಿ ಏನೂ ಉಳಿಯುತ್ತಿಲ್ಲ’ ಎನ್ನುವ ಎಷ್ಟೋ ಮನೆಗಳಲ್ಲಿ ವ್ಯಾಪಾರ ಚೆನ್ನಾಗಿಯೇ ನಡೆದಿರುತ್ತದೆ, ಲಾಭಕ್ಕಿಂತ ಡ್ರಾಯಿಂಗ್ಸ್ ಹೆಚ್ಚಾಗಿರುತ್ತದೆ. ಎರಡೂ ಒಂದೇ ಪುಸ್ತಕದಲ್ಲಿ ಕಲಸಿಹೋಗಿದ್ದರೆ ಇದು ಯಾರಿಗೂ ಕಾಣುವುದಿಲ್ಲ. ಜಿಎಸ್‌ಟಿ ಬಿಲ್ಲು ಮಾಡುವಷ್ಟು ವ್ಯಾಪಾರ ಬೆಳೆದರೆ ಬೆಂಗಳೂರಿನ ಟ್ಯಾಲಿ ತಂತ್ರಾಂಶ ಇದೆ, ಒಳಗಿನ ತರ್ಕ ಇದೇ.

ಶುರು ಮಾಡಲು ಏಪ್ರಿಲ್ 1ಕ್ಕಾಗಲಿ, ದೀಪಾವಳಿಯ ಅಂಗಡಿ ಪೂಜೆಗಾಗಲಿ ಕಾಯಬೇಕಿಲ್ಲ. ಕೈಯಲ್ಲಿರುವ ನಗದು, ಪಾಸ್‌ಬುಕ್ಕಿನ ಶಿಲ್ಕು, ಸೊಸೈಟಿಯ ಸಾಲ, ಅಡವಿಟ್ಟ ಚಿನ್ನದ ಮೇಲಿನ ಸಾಲ ಇಷ್ಟನ್ನು ಇವತ್ತಿನ ತಾರೀಕಿಗೆ ಆರಂಭದ ಶಿಲ್ಕಾಗಿ ಹಾಕಿ. ಖಾತೆಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ವಾರಕ್ಕೊಮ್ಮೆ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಡೆ ಇಡಿ. ಮಳೆ ಹಿಡಿಯುವ ಮುಂಚಿನ ಸಿಡಿಲಿಗೆ ನಮ್ಮೂರಿನ ಕಂಪ್ಯೂಟರುಗಳು ಸುಟ್ಟುಹೋಗುವುದು ಅಪರೂಪವೇನಲ್ಲ.