ಅನ್ಮ: ಬಟ್ಟೆಯ ಮೇಲಿನಿಂದಲೇ ನಡೆಯುವ ಜಪಾನಿನ ಅಂಗಮರ್ದನ

ಅನ್ಮ ಎಂಬುದು ಜಪಾನಿನ ಅತ್ಯಂತ ಹಳೆಯ ಅಂಗಮರ್ದನ ಪದ್ಧತಿಯ ಹೆಸರು. ಚೀನೀ ಲಿಪಿಯ ಎರಡು ಅಕ್ಷರಗಳಿಂದಾದ ಈ ಪದದಲ್ಲಿ ಮೊದಲನೆಯದಕ್ಕೆ ಒತ್ತುವುದು ಎಂದೂ ಎರಡನೆಯದಕ್ಕೆ ತಿಕ್ಕುವುದು ಎಂದೂ ಅರ್ಥ. ಚೀನಾದ ವೈದ್ಯದೊಡನೆ ಜಪಾನಿಗೆ ಬಂದ ಈ ವಿದ್ಯೆ ಬಹು ಬೇಗ ರಾಜಮನ್ನಣೆ ಪಡೆಯಿತು: 701ರ ತೈಹೋ ಸಂಹಿತೆ ಎಂಬ ಕಾನೂನು ಸಂಗ್ರಹದ ಕಾಲಕ್ಕಾಗಲೇ ಅರಮನೆಯ ವೈದ್ಯ ಇಲಾಖೆಯಲ್ಲಿ ಅನ್ಮವನ್ನು ಕಲಿಸುವ ಆಚಾರ್ಯರಿಗೂ ಕಲಿಯುವ ವಿದ್ಯಾರ್ಥಿಗಳಿಗೂ ಸ್ಥಾನಗಳಿದ್ದವು. ಬೆರಳಿನಿಂದ ಒತ್ತುವ ಚಿಕಿತ್ಸೆಯಾಗಿ ಇಂದು ಜಗತ್ತಿನೆಲ್ಲೆಡೆ ಹೆಸರಾಗಿರುವ ಶಿಯಾತ್ಸು ಬೆಳೆದು ಬಂದಿರುವುದು ಬಹುಮಟ್ಟಿಗೆ ಇದೇ ನೆಲದಿಂದ. ಆದರೂ ಹೊರದೇಶಗಳಲ್ಲಿ ಶಿಯಾತ್ಸುವನ್ನು ಬಲ್ಲವರಲ್ಲಿ ಅನೇಕರು ಅನ್ಮದ ಹೆಸರನ್ನೇ ಕೇಳಿಲ್ಲ.

ಎಣ್ಣೆ ಹಚ್ಚಿ ಮೈ ನೀವುವ ಅಭ್ಯಂಗವನ್ನು ಕಂಡು ಬೆಳೆದ ನಮಗೆ ಅನ್ಮದಲ್ಲಿ ಮೊದಲು ಎದ್ದು ಕಾಣುವ ಸಂಗತಿಯೆಂದರೆ ಅಲ್ಲಿ ಎಣ್ಣೆಯೇ ಇಲ್ಲದಿರುವುದು. ಚಿಕಿತ್ಸೆ ಪಡೆಯುವವರು ಸಡಿಲವಾದ ಹತ್ತಿಯ ಉಡುಪಿನಲ್ಲಿಯೇ ಇರುತ್ತಾರೆ. ಬರಿಯ ಚರ್ಮ ಕಾಣುವ ಕಡೆ ತೆನುಗುಯಿ ಎಂಬ ತೆಳುವಾದ ಹತ್ತಿಯ ವಸ್ತ್ರವನ್ನು ಹಾಸಿ, ಅದರ ಮೇಲಿನಿಂದ ಕೈಯಾಡಿಸುತ್ತಾರೆ. ಕೈ ಚರ್ಮದ ಮೇಲೆ ಜಾರದೆ ಬಟ್ಟೆಯ ಸಮೇತ ಒಳಗಿನ ಸ್ನಾಯುವನ್ನು ಹಿಡಿಯುವುದರಿಂದ, ಒತ್ತಡ ನೇರವಾಗಿ ಆಳಕ್ಕೆ ಮುಟ್ಟುತ್ತದೆ. ಯುರೋಪಿನಿಂದ ಬಂದ ಮಸಾಜಿನಲ್ಲಿ ರಕ್ತವು ಹೃದಯಕ್ಕೆ ಮರಳುವ ದಾರಿಯನ್ನು ಅನುಸರಿಸಿ ಕೈಕಾಲುಗಳ ತುದಿಯಿಂದ ಒಳಮುಖವಾಗಿ ನೀವಿದರೆ, ಅನ್ಮದಲ್ಲಿ ದೇಹದ ನಡುಭಾಗದಿಂದ ಬೆರಳ ತುದಿಗಳತ್ತ ಸಾಗುವುದು ವಾಡಿಕೆ.

ಕೈಚಳಕಗಳನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಏಳಾಗಿ ವಿಂಗಡಿಸುತ್ತವೆ: ಹಗುರವಾಗಿ ಸವರುವುದು, ನಾದುವುದು, ಒತ್ತುವುದು, ಕಂಪಿಸುವುದು, ತಟ್ಟುವುದು, ಲಯಬದ್ಧವಾದ ವಿಶೇಷ ಹಸ್ತಕ್ರಿಯೆಗಳು ಮತ್ತು ಕೀಲುಗಳನ್ನು ಆಡಿಸುವುದು. ಇವುಗಳಲ್ಲಿ ನಾದುವುದೇ ಅನ್ಮದ ಜೀವಾಳ ಎನ್ನಬೇಕು. ಹೆಬ್ಬೆರಳಿನ ತಿರುಳು, ಅಂಗೈ ಅಥವಾ ನಾಲ್ಕು ಬೆರಳುಗಳನ್ನು ಊರಿ, ಚಪಾತಿ ಹಿಟ್ಟನ್ನು ಹದಕ್ಕೆ ತರುವವರ ಹಾಗೆ ಅವಸರವಿಲ್ಲದೆ, ಒಂದೇ ಲಯದಲ್ಲಿ ಗಂಟುಕಟ್ಟಿದ ಸ್ನಾಯುವನ್ನು ಸಡಿಲಿಸುತ್ತಾರೆ. ಹೀಗೆ ಗಂಟುಕಟ್ಟಿದ ಬಿಗಿತವನ್ನು ಜಪಾನೀಯರು ಕೊರಿ ಎನ್ನುತ್ತಾರೆ. ಭುಜದ ಬಿಗಿತಕ್ಕೆ ಕತಕೊರಿ ಎಂಬ ಪ್ರತ್ಯೇಕ ಹೆಸರೇ ಇದ್ದು, ಅಲ್ಲಿನ ಜನ ಹೇಳಿಕೊಳ್ಳುವ ದೈಹಿಕ ತೊಂದರೆಗಳಲ್ಲಿ ಅದು ಸೊಂಟನೋವಿನ ಜೊತೆಗೆ ಮುಂಚೂಣಿಯಲ್ಲಿದೆ.

ಭುಜ ನೋಯುತ್ತದೆಂದು ಬಂದವರ ಭುಜವನ್ನಷ್ಟೇ ತಿಕ್ಕಿ ಕಳುಹಿಸುವುದು ಅನ್ಮದ ರೀತಿಯಲ್ಲ. ಅವರನ್ನು ಪಕ್ಕಕ್ಕೆ ಮಲಗಿಸಿ ಕುತ್ತಿಗೆ, ಭುಜ, ತೋಳು, ಬೆನ್ನು, ಸೊಂಟ, ಕಾಲು ಎಂದು ಒಂದೊಂದೇ ಭಾಗವನ್ನು ಕ್ರಮವಾಗಿ ಮುಟ್ಟುತ್ತಾ ಹೋಗಿ, ಬಳಿಕ ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಾರೆ. ಇದರ ಹಿಂದಿರುವುದು ಪೂರ್ವ ಏಷ್ಯಾದ ವೈದ್ಯದ ದೇಹಕಲ್ಪನೆ: ಕಿ ಎಂಬ ಪ್ರಾಣಶಕ್ತಿಯು ನಾಡಿಮಾರ್ಗಗಳಲ್ಲಿ ಹರಿಯುತ್ತದೆ, ಅದು ಎಲ್ಲಿ ಕ್ಷೀಣಿಸಿದೆ ಮತ್ತು ಎಲ್ಲಿ ಅತಿಯಾಗಿ ತುಂಬಿದೆ ಎಂಬುದನ್ನು ಕೈ ಗುರುತಿಸಬೇಕು. ಕ್ಷೀಣಿಸಿದ್ದು ಕ್ಯೊ, ತುಂಬಿದ್ದು ಜಿತ್ಸು. ಹೊಟ್ಟೆಯನ್ನು ಒತ್ತಿ ನೋಡಿ ಇಡೀ ದೇಹದ ಸ್ಥಿತಿಯನ್ನು ಅಂದಾಜು ಮಾಡುವ, ಹೊಟ್ಟೆಗೇ ಚಿಕಿತ್ಸೆ ಕೊಡುವ ಅಂಪುಕು ಎಂಬ ಶಾಖೆ ಎದೋ ಯುಗದಲ್ಲಿ, ಅಂದರೆ 1603ರಿಂದ 1868ರವರೆಗಿನ ಕಾಲದಲ್ಲಿ, ಜಪಾನಿನಲ್ಲಿಯೇ ವಿಶೇಷವಾಗಿ ಬೆಳೆಯಿತು. ನಾಡಿಮಾರ್ಗಗಳ ಇರವನ್ನು ಆಧುನಿಕ ಅಂಗರಚನಾಶಾಸ್ತ್ರ ಒಪ್ಪುವುದಿಲ್ಲ. ಆದರೆ ಶತಮಾನಗಳ ಕಾಲ ಕೈಗಳಿಗೆ ಶಿಸ್ತನ್ನು ಕಲಿಸಿದ ಚೌಕಟ್ಟು ಅದು, ಅದನ್ನು ಬಿಟ್ಟು ಅನ್ಮದ ಕ್ರಮವನ್ನು ವಿವರಿಸಲಾಗದು.

ಅನ್ಮದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದು ಅಂಧರ ವಿದ್ಯೆಯಾಗಿ ಬೆಳೆದ ಬಗೆ. ಸುಗಿಯಾಮ ವಾಇಚಿ (1610–1694) ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಸೂಜಿಚಿಕಿತ್ಸೆಯಲ್ಲಿ ಸೂಜಿಯನ್ನು ಸಣ್ಣ ಕೊಳವೆಯ ಮೂಲಕ ಚುಚ್ಚುವ, ಇಂದಿಗೂ ಜಪಾನಿನಲ್ಲಿ ಬಳಕೆಯಲ್ಲಿರುವ ವಿಧಾನವನ್ನು ರೂಪಿಸಿದ ಕೀರ್ತಿ ಅವರದು. ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ, ಷೋಗನ್ ತ್ಸುನಯೋಷಿಯ ವೈದ್ಯರಾಗಿ ಆತನ ವಿಶ್ವಾಸ ಗಳಿಸಿದ ಅವರು, ಆತನ ಬೆಂಬಲದಿಂದ ಅಂಧರಿಗೆ ಸೂಜಿಚಿಕಿತ್ಸೆಯನ್ನೂ ಅನ್ಮವನ್ನೂ ಕಲಿಸುವ ಶಾಲೆಗಳನ್ನು ಕಟ್ಟಿದರು. ಯುರೋಪಿನಲ್ಲಿ ಅಂಧರ ಮೊದಲ ಶಾಲೆ ಪ್ಯಾರಿಸಿನಲ್ಲಿ ಆರಂಭವಾದದ್ದು ಇದಾದ ಸುಮಾರು ನೂರು ವರ್ಷಗಳ ಮೇಲೆ. ತೊದೋಜ಼ ಎಂಬ ಅಂಧರ ಸಂಘವು ಶ್ರೇಣಿಗಳನ್ನು ಏರ್ಪಡಿಸಿ ತನ್ನ ಸದಸ್ಯರ ವೃತ್ತಿಯನ್ನು ಕಾಯುತ್ತಿತ್ತು. ಸಂಜೆಯ ಹೊತ್ತು ಕೊಳಲಿನಂಥ ಸಣ್ಣ ಸೀಟಿಯನ್ನು ಊದುತ್ತಾ ಬೀದಿಯಲ್ಲಿ ಸಾಗುವ ಅಂಧ ಅನ್ಮಕಾರರನ್ನು ಜನ ಮನೆಯೊಳಕ್ಕೆ ಕರೆಸಿಕೊಳ್ಳುತ್ತಿದ್ದರು. ಎದೋ ಯುಗ ಮುಗಿದ ಮೇಲೆ ಬಂದ ಮೇಜಿ ಸರ್ಕಾರ 1871ರಲ್ಲಿ ತೊದೋಜ಼ವನ್ನು ರದ್ದುಪಡಿಸಿದಾಗ ಈ ಆಸರೆ ಒಮ್ಮೆಗೇ ಕಳಚಿತು. ಮುಂದೆ ಅಂಧರ ಶಾಲೆಗಳು ಅನ್ಮವನ್ನು ವೃತ್ತಿಶಿಕ್ಷಣವಾಗಿ ಕೈಗೆತ್ತಿಕೊಂಡದ್ದರಿಂದ ವಿದ್ಯೆಯೂ ಜೀವನೋಪಾಯವೂ ಉಳಿದುಕೊಂಡವು.

ಶಿಯಾತ್ಸು ಎಂದರೆ ಬೆರಳೊತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನ್ಮವು ಕೇವಲ ಸುಖಕ್ಕಾಗಿ ಮಾಡಿಸಿಕೊಳ್ಳುವ ಸೇವೆಯೆಂಬ ಭಾವನೆ ಹರಡಿದ್ದಾಗ, ಒತ್ತುವ ಕ್ರಿಯೆಯೊಂದನ್ನೇ ಪ್ರಧಾನವಾಗಿಸಿಕೊಂಡು ಈ ಹೊಸ ಹೆಸರು ನೆಲೆಗೊಂಡಿತು. ನಮಿಕೊಷಿ ತೊಕುಜಿರೊ 1940ರಲ್ಲಿ ಟೋಕಿಯೊದಲ್ಲಿ ಶಿಯಾತ್ಸು ಶಾಲೆಯನ್ನು ತೆರೆದು, ಅದನ್ನು ನರ ಮತ್ತು ಸ್ನಾಯುಗಳ ಆಧುನಿಕ ತಿಳಿವಳಿಕೆಯ ಮೇಲೆ ನಿಲ್ಲಿಸಿದರು. ಮಸುನಗ ಷಿಜ಼ುತೊ ಅದೇ ಶಿಯಾತ್ಸುವನ್ನು ಮತ್ತೆ ನಾಡಿಮಾರ್ಗಗಳಿಗೆ ಜೋಡಿಸಿದರು. ಎರಡೂ ಧಾರೆಗಳು ಹೊರದೇಶಗಳಿಗೆ ಹರಿದವು.

ಜಪಾನಿನಲ್ಲಿ ಇಂದು ಅನ್ಮ, ಮಸಾಜ್ ಮತ್ತು ಶಿಯಾತ್ಸು ಮೂರಕ್ಕೂ ಸೇರಿ ಒಂದೇ ಪರವಾನಗಿ ಇದೆ. ಅದರ ಮೂಲ 1947ರ ಕಾನೂನು. ಮೂರು ವರ್ಷಗಳ ವ್ಯಾಸಂಗದಲ್ಲಿ ಅಂಗರಚನೆ, ಶರೀರಕ್ರಿಯೆ, ರೋಗವಿಜ್ಞಾನ, ಪೂರ್ವದೇಶಗಳ ವೈದ್ಯ ಎಲ್ಲವನ್ನೂ ಓದಿ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮಾತ್ರ ಈ ವೃತ್ತಿಯನ್ನು ನಡೆಸಬಹುದು. ವೈದ್ಯರಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ದೃಷ್ಟಿಯುಳ್ಳವರಿಗಾಗಿ ಹೊಸ ಶಾಲೆಗಳು ಹೆಚ್ಚಿ ಅಂಧರ ಬದುಕು ಇಕ್ಕಟ್ಟಿಗೆ ಸಿಲುಕಬಾರದೆಂದು 1964ರ ತಿದ್ದುಪಡಿಯು ಅಂಥ ಶಾಲೆಗಳ ಅನುಮತಿಗೆ ಕಡಿವಾಣ ಹಾಕಿತು. ಈ ನಿರ್ಬಂಧ ವೃತ್ತಿಸ್ವಾತಂತ್ರ್ಯಕ್ಕೆ ವಿರುದ್ಧವೆಂಬ ವಾದವನ್ನು ತಳ್ಳಿಹಾಕಿದ ಜಪಾನಿನ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ನ್ಯಾಯವಾದ ತೀರ್ಪೆಂದೇ ನಾನು ಭಾವಿಸುತ್ತೇನೆ: ಒಂದು ವಿದ್ಯೆಯನ್ನು ಮುನ್ನೂರು ವರ್ಷಗಳಿಂದ ಕಾಪಾಡಿಕೊಂಡು ಬಂದವರಿಗೆ ಅದರಲ್ಲಿ ಮೊದಲ ಪಾಲು ಸಲ್ಲಬೇಕು.

ಇದರಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಸ್ನಾಯುಗಳ ಬಿಗಿತ ಇಳಿಯುವುದು, ದಣಿವು ಆರುವುದು, ಮೈಮನಸ್ಸು ಹಗುರಾಗುವುದು ಅನ್ಮದ ಸಹಜ ಫಲಗಳು. ರೋಗಗಳನ್ನು ಗುಣಪಡಿಸುತ್ತದೆಂಬ ಮಾತನ್ನು ನಂಬಿ ಔಷಧಿಯನ್ನು ಬಿಡುವುದು ಅಪಾಯಕರ. ಜ್ವರವಿದ್ದಾಗ, ಮೂಳೆ ಮುರಿದಾಗ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂಬ ಸಂಶಯವಿದ್ದಾಗ ಮರ್ದನ ಕೂಡದು. ಜಪಾನಿನಲ್ಲಿರುವ ಅಥವಾ ಅಲ್ಲಿಗೆ ಹೋಗುವ ಕನ್ನಡಿಗರು ಅನ್ಮವನ್ನು ಮಾಡಿಸಿಕೊಳ್ಳಬಯಸಿದರೆ, ಮೈ ಸಡಿಲಿಸುವ ಸೇವೆ ಎಂಬ ಫಲಕ ಹಾಕಿಕೊಂಡು ಪರವಾನಗಿಯಿಲ್ಲದೆಯೇ ನಡೆಯುವ ಅಂಗಡಿಗಳೂ ಅಲ್ಲಿ ಬಹಳಷ್ಟಿರುವುದರಿಂದ, ರಾಷ್ಟ್ರೀಯ ಪರವಾನಗಿ ಇದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.